ಹಂದಿ ಸಾಕುವವರಿಗೆ ತಲಪಬೇಕಾದ ತಿಳಿವಳಿಕೆ



ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳ ಸುತ್ತಣ ಗ್ರಾಮಗಳಲ್ಲಿ ಕೆಲವೇ ಹಂದಿಗಳನ್ನು ಸಾಕಿ ಜೀವಿಸುವವರುಂಟು. ಹೋಟೆಲುಗಳ ಮುಸುರೆ ಅವರಿಗೆ ಅಗ್ಗದ ಮೇವು. ಅಪಾಯವೂ ಆ ಮುಸುರೆಯಲ್ಲಿಯೇ ಇದೆ.

ನಮ್ಮ ದೇಶದಲ್ಲಿ 2020ರಲ್ಲಿ ಅಸ್ಸಾಮಿನ ಕಡೆ ಮೊದಲು ಕಂಡುಬಂದ ಆಫ್ರಿಕಾದ ಹಂದಿಜ್ವರಕ್ಕೆ ಮದ್ದಿಲ್ಲ, ನಮ್ಮಲ್ಲಿ ಲಸಿಕೆಯೂ ದೊರೆಯದು. ಹಳೆಯ ಹಂದಿಜ್ವರಕ್ಕಾದರೋ ಲಸಿಕೆಯುಂಟು. ಎರಡರಲ್ಲಿಯೂ ಮೈ ಕಾಯುವುದು, ಮೇವು ಬಿಡುವುದು, ಚರ್ಮ ಕೆಂಪೇರುವುದು ಒಂದೇ ಬಗೆ. ಪ್ರಯೋಗಶಾಲೆಯ ಪರೀಕ್ಷೆಯಿಂದಲ್ಲದೆ ಭೇದ ತಿಳಿಯದು. ಒಂದಕ್ಕೆ ಲಸಿಕೆ ಹಾಕಿಸಿ ಎರಡಕ್ಕೂ ಆಯಿತೆಂದು ನೆಮ್ಮದಿಯಿಂದಿರುವವನಿಗೆ ಇದನ್ನು ಬಿಡಿಸಿ ಹೇಳತಕ್ಕದ್ದು. ಈ ಜ್ವರ ಮನುಷ್ಯರಿಗೆ ಅಂಟುವುದಿಲ್ಲವೆಂಬುದನ್ನೂ ಹೇಳಿರಿ. ಹೆದರಿದವನೇ ಮೊದಲು ಮುಚ್ಚಿಡುವನು.

ಇದರ ರೋಗಾಣು ಹಸಿ ಹಂದಿಮಾಂಸದಲ್ಲಿ ಬಹುದಿನ ಬದುಕುತ್ತದೆ. ಆದುದರಿಂದ ಮುಸುರೆಯನ್ನು ಒಂದು ಗಂಟೆ ಕಾಲ ಕಲಕುತ್ತ ಕುದಿಸಿ, ಆರಿಸಿ, ಬೇರೆ ಪಾತ್ರೆಯಲ್ಲಿ ಹಾಕಬೇಕು. ಸೌದೆಯ ಖರ್ಚು ದೊಡ್ಡದೇ. ದೊಡ್ಡಿ ಬರಿದಾಗುವ ನಷ್ಟ ಅದಕ್ಕಿಂತ ದೊಡ್ಡದು.

2009ರ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ಕಾಯಿದೆಯಂತೆ, ಶಂಕೆ ಬಂದೊಡನೆ ಒಡೆಯನು ಗ್ರಾಮಾಧಿಕಾರಿಗೆ ಅಥವಾ ಪಂಚಾಯಿತಿಗೆ ತಿಳಿಸಬೇಕು. ಅಲ್ಲಿಂದ ಸುದ್ದಿ ಪಶುವೈದ್ಯರಿಗೆ ಹೋಗಬೇಕು. ಸತ್ತ ಹಂದಿಯನ್ನು ಕೆರೆಯಂಚಿಗೆ ಎಸೆದು, ಉಳಿದವನ್ನು ರಾತ್ರೋರಾತ್ರಿ ಮಾರಿದರೆ ರೋಗ ಮುಂದಿನ ಊರಿಗೆ ನಡೆಯುತ್ತದೆ. ಹಂದಿ ಸಾಕುವವರು ಸಭೆಗಳಿಗೆ ಬರುವುದು ಕಡಮೆ, ನಾವು ಕರೆಯುವುದೂ ಕಡಮೆ. ಈ ಮಾತನ್ನು ಊರ ಹಿರಿಯರಾದ ನೀವೇ ಅವರ ದೊಡ್ಡಿಯ ಬಾಗಿಲಿಗೆ ಹೋಗಿ ತಿಳಿಸಬೇಕು.