ಭಾರದ ಮೈ, ಎರಡು ಜೀವ

ಬಸುರಿ ಮೈ ತುಂಬಿಕೊಂಡರೆ ಮನೆಯ ಹಿರಿಯರಿಗೆ ಹಿಗ್ಗು. ಆದರೆ ಮೊದಲೇ ಮೈಭಾರ ಬಹಳ ಹೆಚ್ಚಾಗಿದ್ದವಳು ಬಸುರಾದರೆ ಸಂಗತಿ ಬೇರೆ. ಕಿಲೋಗ್ರಾಮಿನ ತೂಕವನ್ನು ಮೀಟರಿನ ಎತ್ತರದಿಂದ ಎರಡು ಸಲ ಭಾಗಿಸಿ ಬರುವ ಅಂಕಿ 40 ಅಥವಾ ಅದಕ್ಕೂ ಮೇಲಾದರೆ ವೈದ್ಯರು ತೀವ್ರ ಬೊಜ್ಜು ಎನ್ನುತ್ತಾರೆ. ಒಂದೂವರೆ ಮೀಟರ್ ಎತ್ತರದವಳಿಗೆ 90 ಕಿಲೋ ಎಂದರೆ ಆ ಗೆರೆ ಮುಟ್ಟಿದಂತೆ.

ಇಂಥವರಲ್ಲಿ ಬಹುಮಂದಿ ಸುಖವಾಗಿಯೇ ಹೆರುತ್ತಾರೆ. ಆದರೂ ರಕ್ತದೊತ್ತಡದ ಏರಿಕೆ, ಸಕ್ಕರೆ ಕಾಯಿಲೆ, ರಕ್ತನಾಳದಲ್ಲಿ ಹೆಪ್ಪು, ಹೆರಿಗೆಯ ತರುವಾಯದ ರಕ್ತಸ್ರಾವ ಇವರಲ್ಲಿ ಹೆಚ್ಚು. ಕೆಲವರನ್ನು ತೀವ್ರ ನಿಗಾ ಘಟಕಕ್ಕೆ ಸೇರಿಸಬೇಕಾಗುತ್ತದೆ.

ಅಲ್ಲಿ ಮೊದಲ ಚಿಂತೆ ಉಸಿರಿನದು. ಬೆಳೆದ ಗರ್ಭ ವಪೆಯನ್ನು ಮೇಲಕ್ಕೊತ್ತುತ್ತದೆ. ಎದೆಯ ಮೇಲೆ ಕೊಬ್ಬಿನ ಭಾರ. ಶ್ವಾಸಕೋಶದಲ್ಲಿ ಉಳಿಯುವ ಗಾಳಿ ಕಡಿಮೆ, ಆಮ್ಲಜನಕದ ಖರ್ಚು ಹೆಚ್ಚು. ಆದುದರಿಂದ ತಲೆ ಹೆಗಲುಗಳನ್ನು ಎತ್ತರಿಸಿ ಒರಗಿಸಿ, ಆಮ್ಲಜನಕ ತುಂಬಿ, ಬಳಿಕವೇ ಗಂಟಲಿಗೆ ನಳಿಕೆ ಇಳಿಸುತ್ತಾರೆ.

ಎರಡನೆಯದು ರಕ್ತದ ಓಟ. ದಿನ ತುಂಬುತ್ತಿರುವವಳನ್ನು ಅಂಗಾತ ಮಲಗಿಸಿದರೆ, ಹೃದಯಕ್ಕೆ ರಕ್ತ ಮರಳಿಸುವ ದೊಡ್ಡ ನಾಳವನ್ನು ಗರ್ಭ ಅದುಮುತ್ತದೆ, ಎಡಮಗ್ಗುಲು ಕ್ಷೇಮ. ಹೃದಯವೇ ನಿಂತರೆ, ಒಬ್ಬರು ಎದೆಯನ್ನು ಒತ್ತುತ್ತಿರುವಾಗ ಮತ್ತೊಬ್ಬರು ಗರ್ಭವನ್ನು ಎಡಕ್ಕೆ ಸರಿಸಿ ಹಿಡಿಯಬೇಕು. ಫಲ ಕಾಣದಿದ್ದರೆ ಸುಮಾರು 5 ನಿಮಿಷದೊಳಗೆ ಮಗುವನ್ನು ಹೊರತೆಗೆಯಲು ಯತ್ನಿಸುತ್ತಾರೆ. ಅದು ಮಗುವಿಗಾಗಿ ಮಾತ್ರವಲ್ಲ. ಗರ್ಭದ ಒತ್ತಡ ತಪ್ಪಿದರೆ ತಾಯಿಯೂ ಬದುಕಿಯಾಳು.

ಇನ್ನು ಸಣ್ಣವೆಂದು ತೋರುವ ಸಂಗತಿಗಳು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ರಕ್ತದೊತ್ತಡ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಹೆಪ್ಪು ತಡೆಯುವ ಹೆಪಾರಿನ್ ಮಾಸನ್ನು ದಾಟಿ ಮಗುವಿಗೆ ಹೋಗುವುದಿಲ್ಲ. ಆದರೆ ಅದರ ಪ್ರಮಾಣವನ್ನು ತೂಕ ನೋಡಿ ಗೊತ್ತುಮಾಡಬೇಕು. ಭಾರ ತಾಳುವ ಮಂಚ ಬೇಕು, ಮಗ್ಗುಲು ಬದಲಿಸಲು ನಾಲ್ಕಾರು ಕೈ ಬೇಕು. ಇವನ್ನು ನಡುರಾತ್ರಿಯಲ್ಲಿ ಹುಡುಕಿದರೆ ಸಿಕ್ಕಾವೆ? ಆದುದರಿಂದಲೇ ಮೊದಲ ತಿಂಗಳುಗಳಲ್ಲಿಯೇ ಹೆಸರು ಬರೆಸಿ, ಹೆರಿಗೆಗೆ ಮುಂಚೆಯೇ ಅರಿವಳಿಕೆ ವೈದ್ಯರನ್ನು ಕಾಣುವುದು ಒಳ್ಳೆಯದು.

ಮನೆಯವರಿಗೆ ಎರಡು ಮಾತು. ತೂಕ ಇಳಿಸಲೆಂದು ಬಸುರಿಯನ್ನು ಉಪವಾಸ ಕೆಡವಬೇಡಿ. ಒಂದು ಕಾಲು ಮಾತ್ರ ಊದಿ ನೋಯುವುದು, ಉಸಿರುಗಟ್ಟುವುದು, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಇವು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಹೆಪ್ಪಿನ ಭಯ ಬಾಣಂತನದ ಆರು ವಾರವೂ ಉಂಟು.

ಎಲ್ಲಕ್ಕೂ ಮಿಗಿಲಾಗಿ, ಅವಳ ಮೈಯನ್ನು ಹಾಸ್ಯಮಾಡಬೇಡಿ. ನಾಚಿದವಳು ತಕ್ಕಡಿಗೂ ಅಂಜುತ್ತಾಳೆ, ವೈದ್ಯರಿಗೂ ಅಂಜುತ್ತಾಳೆ, ತಡವಾಗಿ ಬರುತ್ತಾಳೆ. ಆ ತಡವೇ ಅವಳ ಪ್ರಾಣಕ್ಕೆ ಕುತ್ತು.