ಚಿಕಿತ್ಸಾಲಯದಿಂದ ತರಗತಿಗೆ



ಹಗಲೆಲ್ಲ ರೋಗಿಗಳ ನಡುವೆ ಕಳೆದು, ವಾರದ ಒಂದೆರಡು ಅಪರಾಹ್ನಗಳನ್ನು ವಿಶ್ವವಿದ್ಯಾನಿಲಯದ ಡಾಕ್ಟರೇಟ್ ವಿದ್ಯಾರ್ಥಿಗಳ ಪಾಠಕ್ಕೆ ಮೀಸಲಿಡುವ ಚಿಕಿತ್ಸಕರನ್ನು ನಮ್ಮ ಸಂಸ್ಥೆಗಳು ಅತಿಥಿ ಉಪನ್ಯಾಸಕರೆಂದೊ ಅರೆಕಾಲಿಕ ಅಧ್ಯಾಪಕರೆಂದೊ ಕರೆದು, ಖಾಲಿ ಹುದ್ದೆ ಭರ್ತಿಯಾಗುವವರೆಗಿನ ತಾತ್ಕಾಲಿಕ ಏರ್ಪಾಡೆಂಬಂತೆ ಎಣಿಸುವುದುಂಟು. ಆ ವರ್ಗಕ್ಕೆ ಸೇರಿದವನಾದ ನಾನು, ಈ ಎಣಿಕೆಯು ಚಿಕಿತ್ಸಾ ಮನೋವಿಜ್ಞಾನವೆಂಬ ನಮ್ಮ ಶಾಸ್ತ್ರದ ಸ್ವರೂಪಕ್ಕೇ ವಿರುದ್ಧವಾದುದೆಂದು ಈ ವಿಚಾರಗೋಷ್ಠಿಯ ಆರಂಭದಲ್ಲಿ ನಿವೇದಿಸಬಯಸುತ್ತೇನೆ.

1896ರಲ್ಲಿ ಲೈಟ್ನರ್ ವಿಟ್ಮರ್ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ಮನೋವೈಜ್ಞಾನಿಕ ಚಿಕಿತ್ಸಾಲಯವನ್ನು ತೆರೆದಾಗ, ಅಲ್ಲಿಗೆ ಮೊದಲು ಬಂದವನು ಕಾಗುಣಿತ ಹಿಡಿಯಲಾರದೆ ಶಾಲೆಯಲ್ಲಿ ಹಿಂದುಳಿದಿದ್ದ ಒಬ್ಬ ಬಾಲಕ. ಅವನನ್ನು ಕರೆತಂದವರು ಅವನ ಉಪಾಧ್ಯಾಯಿನಿ. ಅಂದರೆ ಈ ಶಾಸ್ತ್ರ ಹುಟ್ಟಿದ್ದೇ ಅಧ್ಯಯನವೂ ಆರೈಕೆಯೂ ಕೂಡುವ ಎಡೆಯಲ್ಲಿ. ಮುಂದೆ ಅಮೆರಿಕದಲ್ಲಿ 1949ರ ಬೌಲ್ಡರ್ ಸಮ್ಮೇಳನವು ಚಿಕಿತ್ಸಕನು ವಿಜ್ಞಾನಿಯೂ ಆಗಿರತಕ್ಕದ್ದೆಂದು ವಿಧಿಸಿತು. 1973ರ ವೇಲ್ ಸಮ್ಮೇಳನವು ವೃತ್ತಿಪರ ತರಬೇತಿಯನ್ನೇ ಪ್ರಧಾನವಾಗಿರಿಸಿಕೊಂಡ ಸೈ.ಡಿ. ಪದವಿಗೆ ಮನ್ನಣೆಯಿತ್ತಿತು. ಸಂಶೋಧನೆ ಎಷ್ಟು, ಚಿಕಿತ್ಸೆ ಎಷ್ಟು ಎಂಬ ಪ್ರಮಾಣದ ವಿಷಯದಲ್ಲಿ ಭಿನ್ನಾಭಿಪ್ರಾಯವಿದ್ದಿತೇ ಹೊರತು, ಅನುಭವಿಯೊಬ್ಬನ ಕಣ್ಣೆದುರು ವಿದ್ಯಾರ್ಥಿಯು ಪಳಗಬೇಕೆಂಬುದನ್ನು ಯಾರೂ ಅಲ್ಲಗಳೆಯಲಿಲ್ಲ. ನಮ್ಮ ಬೆಂಗಳೂರಿನಲ್ಲಿಯೂ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ತಲೆಯೆತ್ತಿದ್ದು ಮಾನಸಿಕ ಆಸ್ಪತ್ರೆಯ ಮಗ್ಗುಲಲ್ಲಿ; ಎರಡೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆದುದು ತಮಗೆಲ್ಲ ವಿದಿತವೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವಂತೂ, ಚಿಕಿತ್ಸಾ ಮನೋವಿಜ್ಞಾನಿ ಯಾರೆಂದು ನಿರೂಪಿಸುವಾಗ, ಮೇಲ್ವಿಚಾರಣೆಗೆ ಒಳಪಟ್ಟ ತರಬೇತಿಯನ್ನು ಆ ನಿರೂಪಣೆಯೊಳಗೇ ಹೆಸರಿಸಿದೆ.

ಈ ಮೇಲ್ವಿಚಾರಣೆಯೆಂಬುದು ನಡೆಯುವುದು ಹೇಗೆ? ಹೊರರೋಗಿ ವಿಭಾಗಕ್ಕೆ ದೂರದ ಹಳ್ಳಿಯಿಂದ ತಾಯಿಯೊಬ್ಬಳು ಎಂಟು ವರ್ಷದ ಮಗುವನ್ನು ಕರೆತಂದಿದ್ದಾಳೆನ್ನಿ. ವಿದ್ಯಾರ್ಥಿನಿ ಬಿನೆ-ಕಾಮತ್ ಪರೀಕ್ಷೆಯ ಪೆಟ್ಟಿಗೆ ತೆರೆದು, ಕೈಪಿಡಿಯಲ್ಲಿರುವಂತೆಯೇ ಒಂದೊಂದಾಗಿ ಪ್ರಶ್ನೆ ಕೇಳುತ್ತಾಳೆ. ಮಗು ಬಾಯಿ ಬಿಡುವುದಿಲ್ಲ. ಸಂಜೆಗೆ ವರದಿ ಸಿದ್ಧವಾಗುತ್ತದೆ: ಬುದ್ಧಿಲಬ್ಧ ಎಪ್ಪತ್ತಕ್ಕಿಂತ ಕೆಳಗೆ. ಲೆಕ್ಕದಲ್ಲಿ ದೋಷವಿಲ್ಲ, ವಿಧಾನದಲ್ಲಿಯೂ ಇಲ್ಲ. ಆಗ ಅರೆಕಾಲಿಕ ಅಧ್ಯಾಪಕನು ಆ ವರದಿಯನ್ನು ಪಕ್ಕಕ್ಕಿಟ್ಟು, “ಯಾವ ಬಸ್ಸಿಗೆ ಹೊರಟಿದ್ದರಮ್ಮ? ಮಗು ಏನಾದರೂ ತಿಂದಿತ್ತೆ? ಕಿವಿ ಸರಿಯಾಗಿ ಕೇಳಿಸುತ್ತದೆಯೆ ಎಂದು ನೋಡಿಸಿದಿರಾ?” ಎಂದು ಕೇಳುತ್ತಾನೆ. ನಸುಕಿನ ಬಸ್ಸು ಹಿಡಿದು, ಹೊಟ್ಟೆಗಿಲ್ಲದೆ, ಬಿಳಿಯ ಕೋಟಿನವರನ್ನು ಕಂಡು ಬೆದರಿ ಕುಳಿತ ಮಗುವಿನ ಮೌನಕ್ಕೂ ಬುದ್ಧಿಮಾಂದ್ಯಕ್ಕೂ ಇರುವ ಅಂತರವನ್ನು, ದಿನವೂ ಅಂಥ ಮಕ್ಕಳನ್ನು ನೋಡುವವನು ಮೊದಲ ನೋಟದಲ್ಲಿಯೇ ಶಂಕಿಸಬಲ್ಲನು. ಆ ಒಂದು ಅಂಕಿಯ ಮೇಲೆ ಅಂಗವೈಕಲ್ಯದ ಪ್ರಮಾಣಪತ್ರ, ಶಾಲೆಯ ದಾಖಲಾತಿ, ಬಂಧುಬಳಗದವರು ಆ ತಾಯಿಯನ್ನು ಕಾಣುವ ರೀತಿ ಎಲ್ಲವೂ ನಿಂತಿರುವುದರಿಂದ, ಇನ್ನೊಂದು ದಿನ ಕರೆಸಿ ಪರೀಕ್ಷೆಯನ್ನು ಪುನಃ ಮಾಡಿಸುವ ಆ ಸಣ್ಣ ನಿರ್ಧಾರವು ಒಂದು ಜೀವಿತದ ದಿಕ್ಕನ್ನೇ ಬದಲಿಸೀತು. ಇದನ್ನು ಪೂರ್ಣಕಾಲಿಕ ಪ್ರಾಧ್ಯಾಪಕರು ಕಲಿಸಲಾರರೆಂದು ನಾನು ಹೇಳುತ್ತಿಲ್ಲ. ಅವರಲ್ಲಿ ಅನೇಕರು ನಮಗೇ ಗುರುಗಳು. ಆದರೆ ಆಡಳಿತ, ಪ್ರಬಂಧ ಪ್ರಕಟಣೆ, ಮಾನ್ಯತೆಯ ಕಡತಗಳ ಭಾರದಲ್ಲಿ ರೋಗಿಯ ಎದುರು ಕೂರುವ ಅವರ ಅವಕಾಶವು ವರ್ಷವರ್ಷಕ್ಕೆ ಕುಗ್ಗುತ್ತಿರುವುದನ್ನು ಅವರೇ ಖೇದದಿಂದ ಒಪ್ಪುತ್ತಾರೆ.

ಹೀಗಿರಲು, ಅರೆಕಾಲಿಕನಿಗೆ ಸಂಸ್ಥೆಯು ಲೆಕ್ಕ ಹಿಡಿಯುವುದು ಏನನ್ನು? ಕೊಠಡಿಯಲ್ಲಿ ನಿಂತು ಉಪನ್ಯಾಸ ಮಾಡಿದ ಗಂಟೆಗಳನ್ನು. ವಿದ್ಯಾರ್ಥಿಯ ವರದಿಯನ್ನು ಸಾಲುಸಾಲಾಗಿ ತಿದ್ದಿದ್ದು, ರೋಗಿಯ ಒಪ್ಪಿಗೆ ಪಡೆದು ಮಾಡಿಕೊಂಡ ಧ್ವನಿಮುದ್ರಣವನ್ನು ಜತೆಗೆ ಕೂತು ಕೇಳಿದ್ದು, ಆತ್ಮಹತ್ಯೆಯ ಮಾತೆತ್ತಿದ ರೋಗಿಯನ್ನು ಕಂಡು ಕಂಗೆಟ್ಟ ತರುಣನು ರಾತ್ರಿ ಹತ್ತಕ್ಕೆ ದೂರವಾಣಿ ಮಾಡಿದಾಗ ಅವನಿಗೆ ದಾರಿ ತೋರಿದ್ದು, ಇವು ಯಾವ ಬಿಲ್ಲಿನಲ್ಲಿಯೂ ಸೇರುವುದಿಲ್ಲ. ಶಿಕ್ಷಣದ ತಿರುಳೇ ಲೆಕ್ಕದಿಂದ ಹೊರಗುಳಿದರೆ, ಅದು ಒಬ್ಬಿಬ್ಬರ ಔದಾರ್ಯದ ಮೇಲೆ ನಡೆಯಬೇಕಾಗುತ್ತದೆ. ಡಾಕ್ಟರೇಟ್ ಪದವಿಯನ್ನು ಔದಾರ್ಯದ ಮೇಲೆ ಕಟ್ಟುವುದು ಅನ್ಯಾಯ.

ನಮ್ಮ ಮೇಲೂ ಹೊಣೆಯಿದೆ. ಪ್ರಸಂಗಗಳನ್ನು ರಂಜಕವಾಗಿ ಹೇಳಿ ಹೊರಡುವುದು ಬೋಧನೆಯಲ್ಲ. ರೋಗಿಯ ಊರು, ವೃತ್ತಿ, ಕುಟುಂಬಗಳ ಗುರುತು ಸಿಕ್ಕದಂತೆ ವಿವರಗಳನ್ನು ಮಾರ್ಪಡಿಸದೆ ತರಗತಿಯಲ್ಲಿ ಬಾಯಿ ತೆರೆಯಬಾರದು. ನಮ್ಮ ಅನುಭವಕ್ಕೆ ಎದುರಾಗಿ ನಿಲ್ಲುವ ಹೊಸ ಸಂಶೋಧನೆಯನ್ನು ಓದಿಕೊಂಡೇ ಬರಬೇಕು.

ಆದುದರಿಂದ ಮಧ್ಯಾಹ್ನದ ಗೋಷ್ಠಿಗಳಲ್ಲಿ ಎರಡು ವಿಷಯಗಳು ಇತ್ಯರ್ಥವಾಗಬೇಕೆಂದು ನನ್ನ ಅರಿಕೆ. ಮೇಲ್ವಿಚಾರಣೆಯ ಗಂಟೆಯನ್ನು ಉಪನ್ಯಾಸದ ಗಂಟೆಗೆ ಸಮನಾಗಿ ಎಣಿಸುವ ನಿಯಮದ ಕರಡನ್ನು ತಾವು ಸಿದ್ಧಪಡಿಸಬೇಕು. ವಿದ್ಯಾರ್ಥಿಯ ಚಿಕಿತ್ಸಾ ಯೋಗ್ಯತೆಯನ್ನು ನಿರ್ಣಯಿಸುವ ಮಂಡಳಿಯಲ್ಲಿ, ಅವನು ರೋಗಿಯೊಡನೆ ಮಾತಾಡಿದ್ದನ್ನು ಕಣ್ಣಾರೆ ಕಂಡ ಅರೆಕಾಲಿಕ ಅಧ್ಯಾಪಕನಿಗೂ ಮತಾಧಿಕಾರವಿರಬೇಕೆ ಎಂಬುದನ್ನು ಸಂಕೋಚವಿಲ್ಲದೆ ಚರ್ಚಿಸಬೇಕು.