ಮಡಚುವ ಸೈಕಲ್ಲು: ಮೊದಲು ಅಳತೆ, ಆಮೇಲೆ ಆಸೆ

(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಈಚೆಗೆ ನಮ್ಮ ಸದಸ್ಯರಲ್ಲಿ ಹಲವರು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. "ಮಡಚಿ ಇಡುವ ಸೈಕಲ್ಲು ಅಂಗಡಿಯಲ್ಲಿದೆ. ಕೊಳ್ಳಬಹುದೇ? ಕೊಂಡರೆ ಎಂಥದ್ದು?" ಈ ಬಗ್ಗೆ ಎರಡು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ನಾನು ಓದಿದ್ದು ಏಳನೆಯ ತರಗತಿ. ಲೆಕ್ಕ ಕಲಿತದ್ದು ಹೋಟೇಲಿನ ಗಲ್ಲೆಯ ಬಳಿ. ಆದರೂ ಈ ವಿಷಯಕ್ಕೆ ಬೇಕಾದದ್ದು ಅಷ್ಟೇ ಲೆಕ್ಕ. ಅದಕ್ಕೇ ಒಪ್ಪಿಕೊಂಡೆ.

ಮೊದಲಿಗೆ, ಈ ಪ್ರಶ್ನೆ ಏಕೆ ಹುಟ್ಟಿತು? ಒಂದು ಕಾಲದಲ್ಲಿ ಪರೇಲ್, ಲಾಲ್‌ಬಾಗ್‌ಗಳಲ್ಲಿ ಗಿರಣಿಯ ಭೋಂಗಾ ಕೂಗಿದರೆ ಚಾಳಿನಿಂದ ಕಾಲ್ನಡಿಗೆಯಲ್ಲೇ ಪಾಳಿಗೆ ಹೋಗಬಹುದಿತ್ತು. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕೆಲಸಗಾರರಿದ್ದರು. ಆ ಬಳಿಕ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅವುಗಳ ನೆಲದ ಮೇಲೆ ಗೋಪುರಗಳೆದ್ದವು. ಕೆಲಸಗಾರನ ಖೋಲಿ ವಿರಾರ್, ಕಲ್ಯಾಣದ ಕಡೆಗೆ ಸರಿಯಿತು. ಮಗ್ಗದ ಕೆಲಸ ಬಲ್ಲವರು ಭಿವಂಡಿಯ ಶೆಡ್ಡು ಸೇರಿದರು, ಉಳಿದವರು ಕ್ಯಾಂಟೀನು, ಹೋಟೇಲು, ಕಾವಲು ಕೆಲಸ ಹಿಡಿದರು. ಮನೆಗೂ ಕೆಲಸಕ್ಕೂ ನಡುವೆ ಲೋಕಲ್ ಗಾಡಿ ಬಂತು. ಗಾಡಿಯ ಎರಡು ಕೊನೆಗಳಲ್ಲಿ ಎರಡೆರಡು, ಮೂರು ಮೂರು ಕಿಲೋಮೀಟರಿನ ಅಂತರ ಉಳಿಯಿತು. ಆ ಅಂತರಕ್ಕೆ ನಾವು ತೆರುವ ಬೆಲೆ ನಿದ್ರೆ, ಇಲ್ಲವೆ ರಿಕ್ಷಾದ ಹಣ. ಮೂರು ಕಿಲೋಮೀಟರನ್ನು ನಡೆದರೆ ನಲವತ್ತು ನಿಮಿಷ. ಸೈಕಲ್ಲಿನಲ್ಲಿ ಕಾಲು ಗಂಟೆ.

ಸಾದಾ ಸೈಕಲ್ಲನ್ನು ನಿಲ್ದಾಣದಲ್ಲಿ ಬಿಟ್ಟರೆ ಕಳ್ಳರ ಭಯ, ಚಾಳಿನ ಮೊಗಸಾಲೆಯಲ್ಲಿಟ್ಟರೆ ನೆರೆಯವರ ಜಗಳ. ಆದುದರಿಂದ ಮಡಚುವ ಸೈಕಲ್ಲಿನ ಮೇಲೆ ಕಣ್ಣು ಬೀಳುವುದು ಸಹಜವೇ. ಇದು ನಿನ್ನೆ ಹುಟ್ಟಿದ ಮಾಯೆಯಲ್ಲ. ಎರಡನೆಯ ಮಹಾಯುದ್ಧದಲ್ಲೇ ಬಿಎಸ್‌ಎ ಕಂಪೆನಿ ಬ್ರಿಟಿಷ್ ಪ್ಯಾರಾಶೂಟ್ ಸೈನಿಕರಿಗಾಗಿ ನಡುವೆ ಮಡಚುವ ಸೈಕಲ್ಲು ಮಾಡಿತ್ತು. 1975ರ ಸುಮಾರಿಗೆ ಲಂಡನ್ನಿನಲ್ಲಿ ಆಂಡ್ರ್ಯೂ ರಿಚಿ ಎಂಬವರು ಮೂರು ಮಡಿಕೆಯಾಗುವ ಬ್ರಾಂಪ್ಟನ್ ಸೈಕಲ್ಲಿನ ಕೆಲಸ ಆರಂಭಿಸಿದರು. 1982ರಲ್ಲಿ ಅಮೆರಿಕದಲ್ಲಿ ಡೇವಿಡ್ ಹಾನ್ ಅವರು ದಾಹೊನ್ ಕಂಪೆನಿ ಕಟ್ಟಿದರು. ಇಂದು ಅಂಗಡಿಯಲ್ಲಿ ಕಾಣುವವು ಹೆಚ್ಚಾಗಿ ಇಪ್ಪತ್ತು ಇಂಚಿನ ಗಾಲಿಯ, ನಡುವೆ ಒಮ್ಮೆ ಮಡಚುವ ಜಾತಿಯವು.

ಬಂಧುಗಳೇ, ಇದನ್ನು ಕೊಳ್ಳುವವನು ಅಂಗಡಿಗೆ ಹೋಗುವ ಮುಂಚೆ ಅಳತೆಪಟ್ಟಿ ಹಿಡಿದು ತನ್ನ ಖೋಲಿಗೆ ಹೋಗಬೇಕು. ಇಪ್ಪತ್ತು ಇಂಚಿನ ಸೈಕಲ್ಲು ಮಡಚಿದ ಮೇಲೂ ಸುಮಾರು 80 ಸೆಂಟಿಮೀಟರ್ ಉದ್ದ, 60 ಎತ್ತರ, 35ರಿಂದ 40 ದಪ್ಪ ಇರುತ್ತದೆ. ಆರು ಜನ ಮಲಗುವ ಖೋಲಿಯಲ್ಲಿ ಇಷ್ಟು ಜಾಗ ಎಲ್ಲಿದೆ ಎಂದು ಆರು ಜನರೂ ಕೂಡಿ ನೋಡಬೇಕು. ಮಂಚವಿದ್ದರೆ ಅದರ ಕೆಳಗೆ ಎಷ್ಟು ಎತ್ತರವಿದೆ ಎಂದು ಅಳೆಯಿರಿ. ಹೆಚ್ಚಿನವು ಅದರಡಿ ಹೋಗವು.

ಎರಡನೆಯದು ತೂಕ. ಈ ಸೈಕಲ್ಲುಗಳು ಸಾಮಾನ್ಯವಾಗಿ 11ರಿಂದ 15 ಕಿಲೋ ತೂಗುತ್ತವೆ. ನಮಗೆ ತಿಳಿಯುವ ಭಾಷೆಯಲ್ಲಿ ಹೇಳುವುದಾದರೆ, ಭಾರವಾದ ಮಡಚುವ ಸೈಕಲ್ಲು ಮನೆಬಳಕೆಯ ಖಾಲಿ ಗ್ಯಾಸ್ ಸಿಲಿಂಡರಿನಷ್ಟು. ಅದನ್ನು ಒಂದು ಸಲ ಎತ್ತುವುದು ಯಾರಿಗೂ ಕಷ್ಟವಲ್ಲ. ಆದರೆ ಹದಿನಾಲ್ಕು ಗಂಟೆ ನಿಂತು ದುಡಿದವನು ರಾತ್ರಿ ಮೂರು ಮಾಳಿಗೆ ಎತ್ತಿ ತರಬೇಕು, ಬೆಳಗಿನ ಜಾವ ಮತ್ತೆ ಇಳಿಸಬೇಕು. ವರ್ಷಕ್ಕೆ ಮುನ್ನೂರು ದಿನ ಆಗುತ್ತದೆಯೇ ಎಂದು ಬೆನ್ನನ್ನೇ ಕೇಳಿಕೊಳ್ಳಿ.

ಮೂರನೆಯದು ಗಾಡಿ. ಬೆಳಗಿನ ಒಂಬತ್ತು ಗಂಟೆಯ ಲೋಕಲಿನಲ್ಲಿ ಮನುಷ್ಯನಿಗೇ ಕಾಲಿಡಲು ಜಾಗವಿಲ್ಲ. ಅಲ್ಲಿ ಸೈಕಲ್ಲಿನ ಮಾತು ವ್ಯರ್ಥ. ಮುಂಜಾವದ ಪಾಳಿಯವನಿಗೆ, ರಾತ್ರಿ ಹನ್ನೊಂದರ ಮೇಲೆ ಮರಳುವವನಿಗೆ ಮಾತ್ರ ಈ ಯೋಚನೆ ಒಗ್ಗೀತು. ಗಾಡಿಯಲ್ಲಿ ಒಯ್ಯುವ ನಿಯಮವನ್ನೂ ದುಡ್ಡು ಕೊಡುವ ಮೊದಲೇ ನಿಲ್ದಾಣದಲ್ಲಿ ವಿಚಾರಿಸಬೇಕು. ಊರಿನ ಕಡೆಯ ಒಂದು ದೃಷ್ಟಾಂತ ಕೇಳಿ. 2022ರಲ್ಲಿ ಬೆಂಗಳೂರಿನ ಮೆಟ್ರೊ ಮಡಚುವ ಸೈಕಲ್ಲಿಗೆ ಕೊನೆಯ ಬೋಗಿಯಲ್ಲಿ ಅನುಮತಿ ಕೊಟ್ಟಿತು. ಆದರೆ ಆಗ ಇಟ್ಟ ಮಿತಿ 15 ಕಿಲೋ ತೂಕ, 60, 45, 25 ಸೆಂಟಿಮೀಟರ್ ಅಳತೆ. ಇಪ್ಪತ್ತು ಇಂಚಿನ ಗಾಲಿಯ ಸೈಕಲ್ಲು ಈ ಅಳತೆಯೊಳಗೆ ಬರುವುದೇ ಇಲ್ಲ! ಅನುಮತಿ ಇದೆ ಎಂಬ ಸುದ್ದಿ ಕೇಳಿದರೆ ಸಾಲದು, ಅಳತೆಯನ್ನೂ ಕೇಳಬೇಕು.

ಈ ಮೂರು ಪರೀಕ್ಷೆಗಳಲ್ಲಿ ಗೆದ್ದವನು ಅಂಗಡಿಗೆ ಹೋಗಲಿ. ಅಲ್ಲಿ ಬಣ್ಣವನ್ನು ಕೊನೆಗೆ ನೋಡಲಿ, ಗಾಲಿಯನ್ನು ಮೊದಲು ನೋಡಲಿ. ಟಾಯರಿನ ಪಕ್ಕದಲ್ಲಿ 47-406 ಎಂಬಂತೆ ಎರಡು ಸಂಖ್ಯೆಗಳಿರುತ್ತವೆ. ಮೊದಲನೆಯದು ಟಾಯರಿನ ಅಗಲ, ಎರಡನೆಯದು ಅದು ಕೂರುವ ರಿಮ್ಮಿನ ಅಡ್ಡಳತೆ, ಎರಡೂ ಮಿಲಿಮೀಟರಿನಲ್ಲಿ. ಇಪ್ಪತ್ತು ಇಂಚು ಎಂದು ಕರೆಯುವುದರಲ್ಲೇ 406 ಉಂಟು, 451 ಉಂಟು. ಹದಿನಾರು ಇಂಚು ಎನ್ನುವುದರಲ್ಲಿ 305 ಉಂಟು, 349 ಉಂಟು. ಒಂದರ ಟಾಯರು ಇನ್ನೊಂದಕ್ಕೆ ಕೂರದು. 406 ಮತ್ತು 305 ಮಕ್ಕಳ ಸೈಕಲ್ಲಿಗೂ ಬರುವ ಅಳತೆ. ಗಲ್ಲಿಯ ರಿಪೇರಿಯವನಲ್ಲಿ ಸಿಕ್ಕೀತು. ಉಳಿದೆರಡಕ್ಕೆ ದೊಡ್ಡ ಅಂಗಡಿಯ ಬಾಗಿಲು ಕಾಯಬೇಕು. ಪಂಕ್ಚರಾದ ದಿನ ಪಾಳಿ ತಪ್ಪಿದರೆ ಕೂಲಿ ಹೋಗುವುದು ನಮ್ಮದು.

ಸಣ್ಣ ಗಾಲಿ ಎಂದರೆ ಹೆಚ್ಚು ತುಳಿಯಬೇಕೇ? ಇದಕ್ಕೆ ಹಲ್ಲಿನ ಚಕ್ರ ಎಣಿಸಬೇಕು. 28 ಇಂಚಿನ ಸಾದಾ ಸೈಕಲ್ಲಿಗೆ ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಸುಮಾರು ಐದೂವರೆ ಮೀಟರ್ ದಾರಿ ಸಾಗುತ್ತದೆ. ಅಷ್ಟೇ ಹಲ್ಲುಗಳನ್ನು 20 ಇಂಚಿನ ಗಾಲಿಗೆ ಕೂಡಿಸಿದರೆ ನಾಲ್ಕು ಮೀಟರೂ ಸಾಗದು. ಮುಂದೆ 52, ಹಿಂದೆ 16 ಇದ್ದರೆ ಐದು ಮೀಟರು ದಾಟುತ್ತದೆ. ಆದಕಾರಣ ಮುಂದಿನ ಚಕ್ರ ದೊಡ್ಡದಿರುವುದನ್ನು ನೋಡಿ ತೆಗೆದುಕೊಳ್ಳಿ. ಸಣ್ಣ ಗಾಲಿಗೆ ರಸ್ತೆಯ ಗುಂಡಿ ದೊಡ್ಡದಾಗಿ ತಾಗುವುದೂ ನಿಜ. ಅಗಲವಾದ ಟಾಯರು ಅದನ್ನು ಸ್ವಲ್ಪ ತಡೆಯುತ್ತದೆ.

ಇನ್ನು ಕೀಲು. ಈ ಸೈಕಲ್ಲಿನ ಪ್ರಾಣವಿರುವುದು ಅಲ್ಲಿ. ಒಂದು ಕೀಲು ನಡು ಕೊಳವೆಯಲ್ಲಿ, ಇನ್ನೊಂದು ಹ್ಯಾಂಡಲಿನ ಬುಡದಲ್ಲಿ. ಎರಡಕ್ಕೂ ಹಿಡಿ ಮುಚ್ಚಿದ ಮೇಲೆ ತಾನಾಗಿ ತೆರೆಯದಂತೆ ತಡೆಯುವ ಎರಡನೆಯ ಕೊಂಡಿ ಇರಬೇಕು. ಮುಂದಿನ ಬ್ರೇಕು ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ತಳ್ಳಿ, ಇನ್ನೊಂದು ಕೈಯ ಬೆರಳನ್ನು ಕೀಲಿನ ಸಂದಿಗೆ ತಾಗಿಸಿ ನೋಡಿ. ಅಲುಗಾಟ ತಿಳಿದರೆ, ಅಂಗಡಿಯವನು ಬಿಗಿಮಾಡಿ ಅದು ನಿಲ್ಲುವ ತನಕ ದುಡ್ಡು ಬಿಚ್ಚಬೇಡಿ. ಸೀಟಿನ ಕಂಬದ ಮೇಲೆ ಮಿತಿಯ ಗೆರೆ ಇರುತ್ತದೆ. ಆ ಗೆರೆ ಹೊರಗೆ ಕಾಣುವಷ್ಟು ಎತ್ತರಿಸಿದರೆ ಕಂಬ ಮುರಿಯುವ ಅಪಾಯ. ಕಬ್ಬಿಣದ ಚೌಕಟ್ಟು ಭಾರ, ಮುಂಬಯಿಯ ಮಳೆಗೂ ಉಪ್ಪುಗಾಳಿಗೂ ತುಕ್ಕು ಹಿಡಿದೀತು. ಅಲ್ಯೂಮಿನಿಯಂ ಹಗುರ, ಆದರೆ ಒಡೆದರೆ ಗಲ್ಲಿಯ ವೆಲ್ಡಿಂಗಿನವನಿಂದ ಸರಿಯಾಗದು. ಯಾವುದೇ ಇರಲಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಕೀಲು ಒರಸಿ ಎರಡು ಹನಿ ಎಣ್ಣೆ ಬಿಡಲೇಬೇಕು.

ಹೋಟೇಲಿನ ಸಾಮಾನು ತರುವ ಗೆಳೆಯರಿಗೆ ಒಂದು ಕಿವಿಮಾತು. ಇಂಥ ಅನೇಕ ಸೈಕಲ್ಲುಗಳು ಹೊರುವ ಮಿತಿ ನೂರು ಕಿಲೋದ ಆಸುಪಾಸು, ಸವಾರನೂ ಸೇರಿ. ಕೊತ್ತಂಬರಿ ಸೊಪ್ಪು, ಬಾಳೆಲೆ, ಕಾಫಿಪುಡಿಗೆ ಅಡ್ಡಿಯಿಲ್ಲ. ಈರುಳ್ಳಿ ಮೂಟೆಗೂ ಎಣ್ಣೆಯ ಡಬ್ಬಿಗೂ ಹಳೆಯ ಕಪ್ಪು ಸೈಕಲ್ಲೇ ಸೈ. ಮಾಲಕರ ಮೂಟೆಯನ್ನು ನಮ್ಮ ಸ್ವಂತ ಸೈಕಲ್ಲಿನಲ್ಲಿ ಹೊತ್ತು, ಮುರಿದ ಕೀಲಿನ ಖರ್ಚನ್ನೂ ನಾವೇ ಹೊರುವುದು ನ್ಯಾಯವಲ್ಲ.

ಕೊನೆಗೆ ಹಣ. ದಿನಕ್ಕೆ 40 ರೂಪಾಯಿ ರಿಕ್ಷಾ ಖರ್ಚು ಉಳಿಯುತ್ತದೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 26 ದಿನದ ದುಡಿಮೆಗೆ 1,040 ರೂಪಾಯಿ. 15,000 ರೂಪಾಯಿಯ ಮಡಚುವ ಸೈಕಲ್ಲಿನ ಬೆಲೆ ಹುಟ್ಟಲು ಹದಿನಾಲ್ಕು ತಿಂಗಳಿಗೂ ಹೆಚ್ಚು; 6,000ದ ಸಾದಾ ಸೈಕಲ್ಲಿನದು ಆರು ತಿಂಗಳೊಳಗೆ. ಕಂತಿನ ಬಡ್ಡಿ ಸೇರಿದರೆ ಇನ್ನೂ ದೂರ. ಊರಿಗೆ ಕಳಿಸುವ ಹಣದಲ್ಲಿ ಕಡಿತ ಮಾಡಿ ಇದನ್ನು ಕೊಳ್ಳಬೇಕೇ ಎಂದು ಯೋಚಿಸಿ.

ಹಾಗಾದರೆ 9,000 ರೂಪಾಯಿ ಹೆಚ್ಚು ಕೊಟ್ಟು ನಾವು ಕೊಳ್ಳುವುದೇನು? ಬಂಧುಗಳೇ, ನಾವು ಕೊಳ್ಳುವುದು ಸೈಕಲ್ಲು ಇಡುವ ಜಾಗವನ್ನು. ಹೋಟೇಲಿನ ಹಿಂಬದಿಯಲ್ಲಿ ನಾಲ್ಕು ತಗಡಿನ ಒಂದು ಮಾಡು, ಗೋಡೆಗೆ ಬೀಗ ಹಾಕುವ ಕಬ್ಬಿಣದ ಬಳೆಗಳು ಇದ್ದರೆ, ಸಮೀಪದಲ್ಲಿ ವಾಸಿಸುವವರಿಗೆ ಮಡಚುವ ಸೈಕಲ್ಲಿನ ಅಗತ್ಯವೇ ಬೀಳದು. ಗಿರಾಕಿಯ ಮೋಟಾರಿಗೆ ಜಾಗ ಮಾಡಿಕೊಡುವ ಮಾಲಕರು ಕೆಲಸಗಾರನ ಸೈಕಲ್ಲಿಗೆ ಮೂರು ಅಡಿ ಕೊಡಲಾರರೇ? ಹೀಗಾಗಿ ಮುಂದಿನ ಬೇಡಿಕೆ ಪತ್ರದಲ್ಲಿ ಇದೂ ಒಂದು ಕಲಮಾಗಬೇಕು ಎಂಬುದು ನನ್ನ ಸೂಚನೆ.

ಇಷ್ಟರ ಮೇಲೂ ಗಾಡಿಯ ಎರಡೂ ಕೊನೆಗೆ ಸೈಕಲ್ಲು ಬೇಕಾದವರು, ನೂಕುನುಗ್ಗಲಿಲ್ಲದ ಹೊತ್ತಿಗೆ ಹೋಗಿಬರುವವರು ನಮ್ಮಲ್ಲಿದ್ದಾರೆ. ಅವರು ಧಾರಾಳವಾಗಿ ಕೊಳ್ಳಲಿ. ಹಾಗೆ ಕೊಳ್ಳುವ ಮನಸ್ಸಿರುವವರು ಒಂದು ಚೀಟಿಯಲ್ಲಿ ಖೋಲಿಯ ಅಳತೆ, ಮೆಟ್ಟಿಲುಗಳ ಲೆಕ್ಕ, ಹೊರಡುವ ಮರಳುವ ಗಂಟೆ ಬರೆದು ಸಂಘದ ಕಚೇರಿಗೆ ತನ್ನಿ. ನಾಲ್ಕು ಚೀಟಿ ಕೂಡಿದರೆ ನಾಲ್ವರೂ ಒಟ್ಟಾಗಿ ಅಂಗಡಿಗೆ ಹೋಗಬಹುದು. ಒಬ್ಬನಿಗೆ ಒಂದು ಮಾತು ಹೇಳುವ ಅಂಗಡಿಯವನು ನಾಲ್ವರ ಮುಂದೆ ತೂಗಿ ಮಾತಾಡುತ್ತಾನೆ.